ತಲೆಸುತ್ತಿಗೆ ಫಿಸಿಯೋಥೆರಪಿ: ಕಣ್ಣು ನೋಡದ ಕಡೆ ದುಡ್ಡು ಕೊಡಬೇಡಿ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈಗ ‘ವರ್ಟಿಗೋ ಕ್ಲಿನಿಕ್’, ‘ಬ್ಯಾಲೆನ್ಸ್ ಸೆಂಟರ್’ ಬೋರ್ಡುಗಳು ಕಾಣುತ್ತವೆ. ಬಲ್ಲವರ ಕೈಗೆ ಸಿಕ್ಕರೆ ಇಷ್ಟು ಬೇಗ ಗುಣ ಕಾಣಿಸುವ ಫಿಸಿಯೋಥೆರಪಿ ಅಪರೂಪ. ಇಲ್ಲದಿದ್ದರೆ ಕುತ್ತಿಗೆಯ ಎಕ್ಸ್‌ರೇ, ಶಾಖ, ಟ್ರಾಕ್ಷನ್, ಜೊತೆಗೆ ಹತ್ತು ಸಿಟ್ಟಿಂಗಿನ ಪ್ಯಾಕೇಜು. ಯಾವುದು ಎಂಥದ್ದು ಅನ್ನುವುದು ಮೊದಲ ಭೇಟಿಯಲ್ಲೇ ತಿಳಿದುಬಿಡುತ್ತದೆ.

ಒಳ್ಳೆಯ ಥೆರಪಿಸ್ಟ್ ಮೊದಲು ಬಿಡಿಸಿ ಕೇಳುತ್ತಾರೆ: ಕೋಣೆಯೇ ಗಿರಗಿರ ತಿರುಗುತ್ತದೋ, ಕಣ್ಣು ಕತ್ತಲೆ ಬರುತ್ತದೋ, ನಡೆಯುವಾಗ ಆಯ ತಪ್ಪುತ್ತದೋ? ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಾದರೆ ಮಲಗಿಸಿ ಒಮ್ಮೆ, ನಿಲ್ಲಿಸಿ 1 ಮತ್ತು 3 ನಿಮಿಷಕ್ಕೆ ಬಿಪಿ ನೋಡಬೇಕು. ಮೇಲಿನ ಅಂಕಿ 20 ಇಳಿದಿದ್ದರೆ ಹೋಗಬೇಕಾದ್ದು ಬಿಪಿ ಮಾತ್ರೆ ಬರೆದ ಡಾಕ್ಟರ ಹತ್ತಿರ.

ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿಗೆ ಕತ್ತೆತ್ತಿದಾಗ ಜೋರಾಗಿ ಸುತ್ತಿ ಒಂದು ನಿಮಿಷದೊಳಗೆ ನಿಂತರೆ ಬಹುಪಾಲು ಅದು ಬಿಪಿಪಿವಿ. ಒಳಕಿವಿಯ ಸಣ್ಣ ಕ್ಯಾಲ್ಸಿಯಂ ಹರಳುಗಳು ಜಾಗ ಬಿಟ್ಟು ಅರ್ಧವೃತ್ತದ ಮೂರು ನಾಳಗಳಲ್ಲಿ ಒಂದರೊಳಗೆ ಸೇರಿಕೊಂಡಿರುತ್ತವೆ. ಇದನ್ನು ಹಿಡಿಯುವುದು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ಕಾಲು ಚಾಚಿ ಕೂತವರ ತಲೆಯನ್ನು 45 ಡಿಗ್ರಿ ತಿರುಗಿಸಿ, ಹಾಗೇ ಬೇಗನೆ ಮಲಗಿಸಿ, ತಲೆ ಮಂಚದಂಚಿನಾಚೆ ಸುಮಾರು 20 ಡಿಗ್ರಿ ಕೆಳಗೆ ಬಾಗುವಂತೆ ಹಿಡಿಯುತ್ತಾರೆ. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಕೆಳಗಿರುವ ಕಿವಿಯತ್ತ ತಿರುಚಿಕೊಂಡು, ಹಣೆಯ ಕಡೆಗೆ ಪಟಪಟನೆ ಜಿಗಿಯತೊಡಗುತ್ತವೆ. ಸುತ್ತು ಬಂದಾಗ ಕಣ್ಣು ಮುಚ್ಚಿಕೊಳ್ಳುವುದು ಸಹಜ. ಅದಕ್ಕೇ “ಎಷ್ಟೇ ಸುತ್ತಿದರೂ ಕಣ್ಣು ಬಿಟ್ಟಿರಿ, ನಾನು ಹಿಡಿದಿದ್ದೀನಿ” ಎಂದು ಮೊದಲೇ ಹೇಳಬೇಕು. ಎರಡೂ ಕಿವಿಗೆ ಮಾಡಬೇಕು. ಕಣ್ಣು ಬರೀ ಕೆಳಮುಖವಾಗಿ ಜಿಗಿದರೆ, ಅಥವಾ ನಿಲ್ಲದೇ ಜಿಗಿಯುತ್ತಲೇ ಇದ್ದರೆ, ನರರೋಗ ತಜ್ಞರು ನೋಡಬೇಕು.

ಹಿಂದಿನ ನಾಳದಲ್ಲಿ ಹರಳಿದ್ದರೆ ಎಪ್ಲಿ ವಿಧಾನ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ್ದು. ಬಲಗಿವಿಯದಾದರೆ ಬಲಕ್ಕೆ ತಿರುಗಿಸಿ ಮಲಗಿಸಿದ ಸ್ಥಿತಿಯಿಂದಲೇ ಶುರು. ತಲೆಯನ್ನು ಎಡಕ್ಕೆ 90 ಡಿಗ್ರಿ ಹೊರಳಿಸಿ, ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ತಂದು ಮೂಗು ನೆಲ ನೋಡುವಂತೆ ಮಾಡಿ, ಕೊನೆಗೆ ಗಲ್ಲ ತಗ್ಗಿಸಿಯೇ ಎಬ್ಬಿಸಬೇಕು. ಪ್ರತಿ ಹಂತದಲ್ಲೂ 30ರಿಂದ 60 ಸೆಕೆಂಡು ಕಾಯಬೇಕು. ಕೆಡುವುದು ಇಲ್ಲೇ. ಅವಸರ ಮಾಡಿದರೆ ಹರಳು ಕೆಳಗಿಳಿಯಲು ಸಮಯ ಸಿಗುವುದಿಲ್ಲ. ಹೊರಳುವಾಗ ತಲೆ ಮೇಲೆದ್ದರೆ ಹರಳು ಹಿಂದಕ್ಕೆ ಜಾರುತ್ತದೆ. ಎಬ್ಬಿಸಿದ ಗಳಿಗೆಯಲ್ಲಿ ಕೆಲವರು ದಿಢೀರನೆ ಹಿಂದಕ್ಕೆ ವಾಲುತ್ತಾರೆ, ಆಗ ಹೆಗಲು ಹಿಡಿದೇ ಇರಬೇಕು. ಬಹಳ ಜನಕ್ಕೆ ಒಂದೆರಡು ಭೇಟಿ ಸಾಕು. ಹೀಗಿರುವಾಗ ಮೊದಲೇ ಹತ್ತು ಸಿಟ್ಟಿಂಗಿನ ದುಡ್ಡು ಕೇಳುವುದು ನಮಗೆ ಒಪ್ಪಿಗೆಯಿಲ್ಲ. ಎರಡು ರಾತ್ರಿ ಕೂತೇ ನಿದ್ದೆ ಮಾಡಿ ಅನ್ನುವ ಹಳೆಯ ಪಥ್ಯವೂ ಬೇಕಿಲ್ಲ.

ಪಕ್ಕದ (ಅಡ್ಡ) ನಾಳದಲ್ಲಿ ಹರಳಿದ್ದರೆ ಎಪ್ಲಿ ಕೆಲಸಕ್ಕೆ ಬರುವುದಿಲ್ಲ. ಅಂಗಾತ ಮಲಗಿಸಿ ತಲೆಯನ್ನು ಅತ್ತಿತ್ತ ಹೊರಳಿಸಿ ನೋಡುವ ಪರೀಕ್ಷೆಯೇ ಬೇರೆ, ಚಿಕಿತ್ಸೆಯೇ ಬೇರೆ. ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೊಂಡವರು ಸೋಲುವುದು ಹೆಚ್ಚಾಗಿ ಕಿವಿ ಇಲ್ಲವೇ ನಾಳ ತಪ್ಪಾಗಿ.

ಒಳಕಿವಿಯ ಸಮತೋಲನ ನರದ ಉರಿಯೂತವಾದ, ದಿನಗಟ್ಟಲೆ ಸುತ್ತಿದ ವೆಸ್ಟಿಬ್ಯುಲರ್ ನ್ಯೂರೈಟಿಸ್‌ಗೆ ವ್ಯಾಯಾಮವೇ ಮದ್ದು, ಅದು ವಾರಗಳ ಕೆಲಸ. ತೋಳಳತೆಯ ದೂರದಲ್ಲಿ ಒಂದು ಅಕ್ಷರ ಅಂಟಿಸಿ, ಅದನ್ನೇ ನೋಡುತ್ತಾ ತಲೆಯನ್ನು ಎಡಬಲಕ್ಕೆ ಆಡಿಸುವುದು. ಒಂದೊಂದು ನಿಮಿಷದಂತೆ ಶುರುಮಾಡಿ ದಿನಕ್ಕೆ ಒಟ್ಟು 12 ನಿಮಿಷವಾದರೂ ಆಗಬೇಕು. ಹಳೆಯ ತೊಂದರೆಗೆ 20. ಅಕ್ಷರ ಮಸುಕಾಗದಷ್ಟು ವೇಗವೇ ಸರಿಯಾದ ವೇಗ. ಸ್ವಲ್ಪ ಸುತ್ತು ಬರಲೇಬೇಕು, ಮಿದುಳು ಹೊಂದಿಕೊಳ್ಳುವುದು ಅದರಿಂದಲೇ. ಆದರೆ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು. ಸ್ಟೆಮೆಟಿಲ್‌ನಂಥ ಸುತ್ತು ತಡೆಯುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಈ ಹೊಂದಾಣಿಕೆಯೇ ನಿಧಾನವಾಗುತ್ತದೆ. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಇಳಿಸಬೇಕು.

ಯಂತ್ರಗಳಲ್ಲಿ ಕಣ್ಣಿನ ಚಲನೆ ತೋರಿಸುವ ವಿಡಿಯೋ ಗಾಗಲ್ಸ್ ನಿಜವಾಗಿ ಉಪಯುಕ್ತ. ಕತ್ತಲಲ್ಲಷ್ಟೇ ಕಾಣುವ ಜಿಗಿತವೂ ಸಿಕ್ಕುತ್ತದೆ. ವಿಆರ್ ಪರದೆ ಇಲ್ಲದಿದ್ದರೆ ನಷ್ಟವಿಲ್ಲ. ವಯಸ್ಸಾದವರ ನಡಿಗೆಗೆ ಒಂದು ದಪ್ಪ ಫೋಮು, ಒಂದು ಗೋಡೆಮೂಲೆ, ಎದುರಿಗೊಂದು ಕುರ್ಚಿ ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಕುರ್ಚಿಯಿಂದೆದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಹಿಡಿದರೆ ಬೀಳುವ ಭಯ ಇದ್ದೇ ಇದೆ. ಆ ಅಂಕಿಯನ್ನು ಬರೆದಿಟ್ಟು, ಕೆಲವು ವಾರ ಬಿಟ್ಟು ಮತ್ತೆ ಅಳೆಯುವವರನ್ನೇ ಆರಿಸಿಕೊಳ್ಳಿ.

ಮಾತು ತೊದಲುವುದು, ಎರಡೆರಡು ಕಾಣುವುದು, ಕೈಕಾಲಿನ ಬಲ ಕುಂದುವುದು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ಒಂದು ಕಿವಿ ದಿಢೀರನೆ ಕೇಳದಾಗುವುದು: ಸುತ್ತಿನ ಜೊತೆ ಇವುಗಳಲ್ಲಿ ಯಾವುದಿದ್ದರೂ ಫಿಸಿಯೋಥೆರಪಿ ಅಲ್ಲ, ನೇರ ಆಸ್ಪತ್ರೆಯ ಎಮರ್ಜೆನ್ಸಿ.

ಬಿಪಿಪಿವಿ ಮರುಕಳಿಸುವುದುಂಟು. ಹಾಗಾದಾಗ ಹೋದಸಲದ ಕಿವಿಯೇ ಅಂದುಕೊಂಡು ನೇರ ಎಪ್ಲಿಗೆ ಮಲಗಿಸುವವರಿಗೆ ಒಪ್ಪಬೇಡಿ. ಮೊದಲು ಎರಡೂ ಕಿವಿಯ ಪರೀಕ್ಷೆ ಮತ್ತೆ ಆಗಲಿ.