ಪೋಲೆಂಡ್ ಮಿಲಿಟರಿಯ ಕ್ಯಾನ್ವಾಸ್ ರೈನ್‌ಕೋಟ್ ಟೆಂಟ್: ಕಾಸರಗೋಡಿನಲ್ಲಿ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಮುಗಿದ ಮೇಲೆ ಬೇಸಿಗೆಯವರೆಗೆ ರಾತ್ರಿ ಹೊರಗೆ ಮಲಗಲು ಇದಕ್ಕಿಂತ ಒಳ್ಳೆಯ ಮಾಡು (ಸೂರು) ನಾನು ಕಂಡಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಮಾತ್ರ ಇದನ್ನು ನಂಬಬೇಡಿ. ಸೋರುವುದು ಅಷ್ಟು ದೊಡ್ಡ ತೊಂದರೆ ಅಲ್ಲ. ಒಣಗದೆ ಇರುವುದೇ ದೊಡ್ಡ ತೊಂದರೆ.

ವಸ್ತು ಏನು ಅಂದರೆ, ಪೋಲೆಂಡ್ ಸೈನ್ಯದವರು ಹಿಂದೆ ಬಳಸುತ್ತಿದ್ದ ಹತ್ತಿ ಕ್ಯಾನ್ವಾಸಿನ ಮಳೆ ಪೊಂಚೊ. ಹಳೆ ಮಿಲಿಟರಿ ಸಾಮಾನು ಮಾರುವವರು ಇದನ್ನು 'ಪೋಲಿಷ್ ಲಾವು' ಅಂತ ಮಾರುತ್ತಾರೆ. ಒಬ್ಬ ಸೈನಿಕನಿಗೆ ಒಂದು. ಮೈಮೇಲೆ ಹಾಕಿದರೆ ಮೊಣಕಾಲಿನ ಕೆಳಗಿನವರೆಗೆ ಬರುವ ಕೋಟು, ಕೈ ಹೊರಗೆ ಹಾಕಲು ಎರಡು ಸೀಳು. ಇಬ್ಬರು ತಮ್ಮ ತಮ್ಮದನ್ನು ಬಿಚ್ಚಿ ಗುಂಡಿ ಹಾಕಿ ಜೋಡಿಸಿ, ನಡುವಿಗೆ ಒಂದು ಕಂಬ ಕೊಟ್ಟು, ಸುತ್ತ ಗೂಟ ಹೊಡೆದರೆ ಇಬ್ಬರು ಮಲಗುವ ಗುಡಾರ. ನನಗೆ ಇದು ಸಿಕ್ಕಿದ್ದು ಪೋಲೆಂಡಿನಲ್ಲಿ ಕೆಲಸದಲ್ಲಿರುವ ಭಾವನಿಂದ. ರಜೆಗೆ ಬರುವಾಗ ಜೋಡಿ ತಂದುಕೊಟ್ಟ. ನಮ್ಮದು ಮುಳ್ಳೇರಿಯ ಕಡೆ ಅಡಕೆ ತೋಟ, ಮೇಲೆ ಗೇರುಗುಡ್ಡೆ. ಹಂದಿ ಕಾವಲಿಗೆ ಕೂರುವುದಿರುತ್ತದೆ, ಸುಮ್ನೆ ಗುಡ್ಡೆಯಲ್ಲಿ ಮಲಗುವ ಹುಚ್ಚೂ ಉಂಟು. ಎರಡಕ್ಕೂ ಬಳಸಿದ್ದೇನೆ.

ಬಟ್ಟೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲು) ನೋಡಿ ಅಭ್ಯಾಸ ಆದವರಿಗೆ ಹತ್ತಿ ಬಟ್ಟೆ ಮಳೆ ತಡೆಯುತ್ತದೆ ಅಂದರೆ ನಂಬಿಕೆ ಬರುವುದಿಲ್ಲ. ಬಿಗಿಯಾಗಿ ನೇಯ್ದ ಹತ್ತಿಯ ನೂಲು ನೀರು ತಾಗಿದಾಗ ಉಬ್ಬುತ್ತದೆ, ನೂಲುಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ನೀರು ಹೊರಗಿನಿಂದಲೇ ಜಾರಿ ಹೋಗುತ್ತದೆ. ಅದಕ್ಕೇ ಬಳಸದೆ ಇಟ್ಟಿದ್ದ ಕ್ಯಾನ್ವಾಸನ್ನು ಮೊದಲು ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಿ, ಮತ್ತೆ ನೆನೆಸಿ ಪಳಗಿಸಬೇಕು. ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ಬೆರಳಾಗಲಿ ತಲೆಯಾಗಲಿ ತಾಗಿಸಬಾರದು. ತಾಗಿದ ಜಾಗದಿಂದ ನೀರು ಒಳಗೆ ಇಳಿಯಲು ಶುರುವಾಗುತ್ತದೆ. ಇಬ್ಬರು ಒತ್ತಿಕೊಂಡು ಮಲಗಿದಾಗ ಇದನ್ನು ಪಾಲಿಸುವುದು ಸುಲಭ ಅಲ್ಲ, ಅಂಚಿನಲ್ಲಿ ಇರುವವರ ಹೊದಿಕೆ ಗೋಡೆಗೆ ತಾಗಿಯೇ ತಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆಗ ನಮ್ಮಲ್ಲಿ ಮಂಜು ಜಾಸ್ತಿ. ನೈಲಾನ್ ಟೆಂಟಿನೊಳಗೆ ಬೆಳಗ್ಗೆ ಏಳುವಾಗ ನಮ್ಮದೇ ಉಸಿರು ನೀರಾಗಿ ಮೇಲಿಂದ ತೊಟ್ಟಿಕ್ಕುತ್ತದೆ, ಅಲ್ವಾ? ಕ್ಯಾನ್ವಾಸ್ ಗಾಳಿಯಾಡುತ್ತದೆ, ಒಳಗೆ ಆ ಜಿಗುಟು ಇಲ್ಲ. ಬೆಂಕಿಯ ವಿಷಯದಲ್ಲೂ ಹಾಗೆ. ಎದುರು ಗೇರು ಕಟ್ಟಿಗೆಯ ಸಣ್ಣ ಬೆಂಕಿ ಹಾಕಿಕೊಂಡರೆ ಕಿಡಿ ಹಾರುತ್ತದೆ. ನೈಲಾನಿನಲ್ಲಿ ಕಿಡಿ ಬಿದ್ದರೆ ಕರಗಿ ತೂತು, ಇದರಲ್ಲಿ ಸಣ್ಣ ಕಪ್ಪು ಚುಕ್ಕೆ ಅಷ್ಟೆ. ಆದರೆ ಬಾಗಿಲು ಮುಚ್ಚಿ ಒಳಗೆ ಕೆಂಡ ಇಡುವ ಯೋಚನೆ ಯಾರೂ ಮಾಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇನ್ನು ಮಳೆ. ಪೋಲೆಂಡಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಕಾಸರಗೋಡಿನಲ್ಲಿ ಸುಮಾರು 3500, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಬಟ್ಟೆ ಹುಟ್ಟಿದ್ದು ಅಲ್ಲಿಯ ಮಳೆಗೆ. ಇಲ್ಲಿ ಒಂದು ರಾತ್ರಿಯ ಜಡಿಮಳೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಹೊಲಿಗೆಯಲ್ಲಿ, ಗುಂಡಿಯ ಸಾಲಿನಲ್ಲಿ ಸ್ವಲ್ಪ ನೀರು ಬರುತ್ತದೆ, ತಡೆದುಕೊಳ್ಳಬಹುದು. ಎರಡನೇ ದಿನವೂ ಬಿಸಿಲು ಬರದಿದ್ದರೆ ತೊಂದರೆ ಶುರು. ಒಣಗಿದಾಗ ಒಂದು ಕೋಟು ಹತ್ತಿರ ಹತ್ತಿರ 2 ಕಿಲೋ. ಒದ್ದೆಯಾದರೆ ಹೊತ್ತು ಗುಡ್ಡೆ ಇಳಿಯುವಾಗ ಹೆಗಲು ಬಿದ್ದುಹೋಗುತ್ತದೆ. ಹಾಗೇ ಮಡಚಿಟ್ಟರೆ ಬೂಸ್ಟು ಬಂತು ಅಂತಲೇ ಲೆಕ್ಕ. ಬೂಸ್ಟು ಹತ್ತಿಯ ನೂಲನ್ನೇ ತಿನ್ನುತ್ತದೆ, ಆಮೇಲೆ ಕೈಯಲ್ಲಿ ಎಳೆದರೂ ಹರಿಯುತ್ತದೆ. ನಮ್ಮ ಹಿರಿಯರು ನೇಜಿ (ಭತ್ತದ ಸಸಿ) ನೆಡುವಾಗ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬೆ ಯಾಕೆ ಸೊಪ್ಪಿನದ್ದು ಅಂತ ಈಗ ಸರಿಯಾಗಿ ಅರ್ಥ ಆಗುತ್ತದೆ. ಸೊಪ್ಪು ನೀರು ಕುಡಿಯುವುದಿಲ್ಲ, ಕೊಡವಿದರೆ ಮುಗಿಯಿತು.

ನಾನು ಒಣಗಿಸುವುದು ಅಡಕೆಗೆ ಮಾಡಿದ ಸೋಲಾರ್ ಗೂಡಿನಲ್ಲಿ. ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಅರ್ಧ ದಿನ ಮೋಡ ಬಿಟ್ಟರೂ ಕೆಲಸ ಆಗುತ್ತದೆ. ಬಿಸಿಲೇ ಇಲ್ಲದಿದ್ದರೆ ಬಚ್ಚಲು ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತೇನೆ, ಹೊಗೆ ವಾಸನೆ ಹಿಡಿಯುತ್ತದೆ, ಆದರೂ ಬೂಸ್ಟಿಗಿಂತ ವಾಸಿ. ಇವೆರಡೂ ಇಲ್ಲದವರು, ಪೇಟೆಯ ಫ್ಲಾಟಿನಲ್ಲಿರುವವರು, ಮಳೆಗಾಲದಲ್ಲಿ ಇದನ್ನು ಹೊರಗೆ ತೆಗೆಯದೇ ಇರುವುದು ಒಳ್ಳೆಯದು.

ಬೂಸ್ಟಿನ ಸುದ್ದಿ ಕೇಳಿ ಪಕ್ಕದ ತೋಟದವರು "ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಹಾಗೆ ಇದಕ್ಕೂ ಸ್ವಲ್ಪ ಮದ್ದು ಹೊಡೀರಿ ಮಾರಾಯ್ರೆ" ಅಂದರು. ಅವರು ಹೇಳಿದ್ದರಲ್ಲಿ ಹುರುಳು ಉಂಟು. ಕ್ಯಾನ್ವಾಸ್ ಕೊಳೆಯದಿರಲು ತಾಮ್ರದ ಔಷಧ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಇದು ಮೈಮೇಲೆ ಹಾಕುವ, ಮುಖದ ಹತ್ತಿರ ಇರುವ ಬಟ್ಟೆ, ಹಾಗಾಗಿ ನಾನು ಆ ತಾಮ್ರದ ಮೈಲುತುತ್ತು ಮುಟ್ಟಿಸಿಲ್ಲ. ನೀರು ಜಾರಲು ಹಳೆ ಉಪಾಯ ಒಂದನ್ನು ಮಾಡಿದ್ದೇನೆ. ಬಟ್ಟೆಯನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಿ, ಹಿಂಡಿ, ಆಮೇಲೆ ಪಟಿಕದ ನೀರಿನಲ್ಲಿ ಅದ್ದುವುದು. ಸೋಪು ಮತ್ತು ಪಟಿಕ ಸೇರಿ ನೀರಿನಲ್ಲಿ ಕರಗದ ಒಂದು ಪದಾರ್ಥ ನೂಲಿನೊಳಗೇ ಕೂರುತ್ತದೆ. ಮೇಣಕ್ಕಿಂತ ಇದು ನನಗೆ ಇಷ್ಟ. ಮೇಣ ಹಾಕಿದರೆ ನೀರೇನೋ ನಿಲ್ಲುತ್ತದೆ, ಆದರೆ ಭಾರ ಹೆಚ್ಚುತ್ತದೆ, ಗಾಳಿಯಾಡುವುದಿಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ.

ಹಾಕುವ ಜಾಗದ ಬಗ್ಗೆ. ನಮ್ಮ ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲಿನಲ್ಲಿ), ಮುರಕಲ್ಲಿನ ಪಾರೆಯ (ಕೆಂಪುಕಲ್ಲಿನ ಬಂಡೆಯ) ಮೇಲೆ, ಗೂಟ ಇಳಿಯುವುದೇ ಇಲ್ಲ. ಪ್ರತಿ ಕಣ್ಣಿಗೂ ಹಗ್ಗ ಕಟ್ಟಿ ದೊಡ್ಡ ಕಲ್ಲಿಗೆ ಸುತ್ತಬೇಕು. ತೋಟದಲ್ಲಿ ಕೆಲಸ ಸುಲಭ. ಅಡಕೆ ಮರಗಳ ನಡುವೆ 9 ಅಡಿ ಅಂತರ ಇರುತ್ತದಲ್ಲ, ಎರಡು ಮರಕ್ಕೆ ಎತ್ತರದಲ್ಲಿ ಹಗ್ಗ ಬಿಗಿದು ಗುಡಾರದ ತುದಿಯನ್ನು ಅದಕ್ಕೆ ನೇತುಹಾಕಿದರೆ ನಡುವಿನ ಕಂಬವೇ ಬೇಡ, ಮಲಗಲು ಜಾಗವೂ ಜಾಸ್ತಿ ಸಿಗುತ್ತದೆ. ಅಡಕೆ ಹಣ್ಣಾದ ಕಾಲ ಆದರೆ, ಸೋಗೆ ಬೀಳುವಂತಿದ್ದರೆ, ಮೇಲೆ ನೋಡಿಕೊಂಡೇ ಕಟ್ಟಿ. ಕಂಬ ಕೊಟ್ಟು ನಿಲ್ಲಿಸಿದಾಗ ತುದಿಯಲ್ಲಿ, ಕೊರಳಿನ ಜಾಗದಲ್ಲಿ, ಒಂದು ತೆರವು ಉಳಿಯುತ್ತದೆ. ನಾನು ಅಲ್ಲಿಗೆ ಒಂದು ಮುಟ್ಟಾಳೆ (ಅಡಕೆ ಹಾಳೆಯ ಟೊಪ್ಪಿ) ಕವುಚಿ ಹಾಕುತ್ತೇನೆ. ಅಳತೆ ಮಾಡಿ ತಂದ ಹಾಗೆ ಕೂರುತ್ತದೆ, ಮಳೆ ನಿಲ್ಲುತ್ತದೆ, ಗಾಳಿಯೂ ಹೋಗುತ್ತದೆ.

ಇದಕ್ಕೆ ನೆಲಹಾಸು ಇಲ್ಲ. ಅಡಿಗೆ ಸಿಲ್ಪಾಲಿನ್ ತುಂಡು ಬೇಕೇ ಬೇಕು. ಗುಡ್ಡೆಯ ಇಳಿಜಾರಾದರೆ ಮೇಲ್ಬದಿಯಲ್ಲಿ ಸಣ್ಣ ಕಣಿ ತೋಡಿ. ಜಿಗಣೆ, ಇರುವೆ, ಹಾವು ಯಾವುದಕ್ಕೂ ಅಡ್ಡಿ ಇಲ್ಲ ಅನ್ನುವುದು ನೆನಪಿರಲಿ. ದೇಲಂಪಾಡಿ, ಕಾರಡ್ಕದಂಥ ಆನೆ ಓಡಾಡುವ ಕಡೆ ಈ ಟೆಂಟ್ ಮಾತ್ರ ಅಲ್ಲ, ಯಾವ ಟೆಂಟ್ ಹಾಕಿಯೂ ನೆಲದಲ್ಲಿ ಮಲಗಬೇಡಿ. ಅಲ್ಲಿ ಕಾವಲಿಗೆ ಮರದ ಮೇಲಿನ ಅಟ್ಟಳಿಗೆಯೇ ಸರಿ.

ಕೋಟಾಗಿ ಹೇಗೆ? ಭಾರ, ಸೆಕೆ, ತಲೆಗೆ ಬೇರೆ ಟೊಪ್ಪಿ ಬೇಕು. ಬೈಕಿಗೆ ಬೇಡ. ಒಂದೇ ಕಡೆ ಕೂತು ಕಾಯುವವರಿಗೆ ಮಾತ್ರ ಚೆನ್ನಾಗಿದೆ, ಗಾಳಿ ಒಳಗೆ ಬರುವುದಿಲ್ಲ.

ಬೇರೆ ದೇಶದ್ದೂ ಸಿಗುತ್ತವೆ. ರಷ್ಯಾದ್ದು ಸುಮಾರು 180 ಸೆಂ.ಮೀ. ಬದಿಯ ಚೌಕ, ಒಬ್ಬರಿಗೆ ಓರೆಯಾಗಿ ಒಂದು ಮಾಡು ಕಟ್ಟಿಕೊಳ್ಳಲು ಅದೇ ಸುಲಭ. ಜರ್ಮನಿಯವರ 1931ರ ಮಾದರಿ ತ್ರಿಕೋನ, ನಾಲ್ಕು ಜೋಡಿಸಿದರೆ ನಾಲ್ಕು ಜನರ ಗುಡಾರ. ಒಬ್ಬರೇ ಹೋಗುವವರಾದರೆ ರಷ್ಯಾದ್ದು ನೋಡಿ, ಇಬ್ಬರಾದರೆ ಪೋಲೆಂಡಿನದ್ದು.

ತರಿಸುವಾಗ ಒಂದು ವಿಷಯ ಗಟ್ಟಿಯಾಗಿ ಕೇಳಿ. ಇದರಲ್ಲಿ 1, 2, 3 ಅಂತ ಅಳತೆ ಇದೆ, ಸೈನಿಕನ ಎತ್ತರದ ಮೇಲೆ. ಜೋಡಿಯ ಎರಡೂ ಒಂದೇ ನಂಬರ್ ಇರಬೇಕು, ಇಲ್ಲದಿದ್ದರೆ ಗುಂಡಿ ಸಾಲು ಕೂಡುವುದಿಲ್ಲ. ಎತ್ತರದವರು 3 ಕೇಳಿ, ಒಳಗೆ ಕಾಲು ಚಾಚಲು ಅನುಕೂಲ. ಬಂದ ಕೂಡಲೇ ಬಿಡಿಸಿ ಮೂಸಿ ನೋಡಿ, ಹೊಲಿಗೆ ಎಳೆದು ನೋಡಿ, ಬೆಳಕಿಗೆ ಹಿಡಿದು ತೂತು ಹುಡುಕಿ. ಹಳೆ ದಾಸ್ತಾನು ಕಡಿಮೆಯಾದ ಹಾಗೆ ಇದರ ಬೆಲೆ ಏರಿದೆ, ಹಾಗಾಗಿ ಕಂಬ, ಗೂಟ ಇಲ್ಲದ ಜೋಡಿ ಕಡಿಮೆಗೆ ಸಿಕ್ಕರೆ ಬಿಡಬೇಡಿ. ಅಡಕೆ ಸಲಾಕೆ, ಅಡಕೆ ಕೊಯ್ಯುವ ಹಳೆ ದೋಟಿಯ ಪೈಪು ನಮ್ಮಲ್ಲಿ ಯಾರ ಮನೆಯಲ್ಲಿ ಕೇಳಿದರೂ ಸಿಗುತ್ತದೆ.