ಟ್ಯೂಬ್‌ಲೆಸ್ ಅಂತ ಹೇಳಿ ತಂತಿ ಬೀಡ್ ಟಯರ್ ಕಳಿಸಿದ್ದಾರೆ, ಹುಷಾರಾಗಿರಿ

ಕಾಡುಮೇಡಿನ ದಾರಿಯಲ್ಲಿ ಕ್ರಾಸ್ ಕಂಟ್ರಿ ಓಡಿಸೋಕೆ ಆನ್‌ಲೈನಲ್ಲಿ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಟಯರ್ ತರಿಸೋ ಯೋಚನೆ ಇದ್ದರೆ ದುಡ್ಡು ಕಳಿಸೋಕೆ ಮುಂಚೆ ಇದನ್ನ ಓದಿ. ಬರೆಯೋಕೆ ಕೂತರೆ ಈಗಲೂ ಮೈ ಉರಿಯುತ್ತೆ.

ಒಂದು ಆನ್‌ಲೈನ್ ಅಂಗಡಿಯವರ ಹತ್ತಿರ ನಾನು ಕೇಳಿದ್ದು ಮ್ಯಾಕ್ಸಿಸ್ ಕಂಪನಿಯ ಐಕಾನ್ ಟಯರ್, 29×2.20 ಇಂಚಿನದ್ದು. ಗೊತ್ತಿರೋರಿಗೆ ಗೊತ್ತು, ಐಕಾನ್ ಅಂದರೆ ಒಂದೇ ಟಯರ್ ಅಲ್ಲ. ಮೇಲಿನ ರಬ್ಬರ್ ಗುಬ್ಬಿಗಳ ವಿನ್ಯಾಸ ಒಂದೇ, ಒಳಗಿನ ಸರಕು ಬೇರೆ. 120 ಟಿಪಿಐ (ಒಳಗಿನ ಬಟ್ಟೆಯಲ್ಲಿ ಇಂಚಿಗೆ ಅಷ್ಟು ಎಳೆ), ಮೂರು ಬಗೆ ರಬ್ಬರ್ ಸೇರಿಸಿದ ತ್ರೀ ಸಿ, ಪಕ್ಕದ ಗೋಡೆ ಗಟ್ಟಿ ಮಾಡಿದ ಎಕ್ಸೋ ಸೈಡ್‌ವಾಲ್, ಒಳಗೆ ಟ್ಯೂಬ್ ಇಲ್ಲದೆ ಓಡಿಸಬಹುದಾದ ಟ್ಯೂಬ್‌ಲೆಸ್ ರೆಡಿ, ಮಡಚೋಕೆ ಬರುವಂಥದ್ದು ಒಂದು. 60 ಟಿಪಿಐ, ಬೀಡ್ ಅಂದರೆ ರಿಮ್ಮಿಗೆ ಕೂರೋ ಅಂಚಿನಲ್ಲಿ ಉಕ್ಕಿನ ತಂತಿ ಇರೋ ಅಗ್ಗದ್ದು ಇನ್ನೊಂದು. ಕಂಪನಿ ಇದನ್ನ ಬಚ್ಚಿಟ್ಟಿಲ್ಲ, ಟಯರ್ ಮೇಲೇ ಅಚ್ಚು ಹಾಕಿರುತ್ತೆ. ಶ್ವಾಲ್ಬೆ ಕಂಪನಿಯ ರೇಸಿಂಗ್ ರಾಲ್ಫ್ ಟಯರಲ್ಲೂ ಅಷ್ಟೇ, ಅಗ್ಗದ ಪರ್ಫಾರ್ಮೆನ್ಸ್ ಬೇರೆ, ದುಬಾರಿ ಸೂಪರ್ ರೇಸ್ ಬೇರೆ. ನಾನು ಐಕಾನ್‌ನಲ್ಲಿ ಮೊದಲನೇದು, 120 ಟಿಪಿಐದು ಬೇಕು ಅಂತ ಬಿಡಿಸಿ ಬಿಡಿಸಿ ಬರೆದು ಕೇಳಿದ್ದೆ. "ಹೌದು ಸರ್, ಅದೇ ಸರ್, ಟ್ಯೂಬ್‌ಲೆಸ್ ರೆಡಿ ಸರ್" ಅಂತ ಉತ್ತರ ಬಂತು. ಮೊದಲನೇದರ ರೇಟೇ ಕೊಟ್ಟೆ.

ಪಾರ್ಸೆಲ್ ಬಂದಾಗಲೇ ಅನುಮಾನ. ಫೋಲ್ಡಿಂಗ್ ಟಯರ್ ಅಂದರೆ ಮಡಚಿ ಪುಟ್ಟದಾಗಿ ಬರಬೇಕು. ಇದು ಗುಂಡಗೆ, ಪೂರ್ತಿ ಚಕ್ರದಷ್ಟು ಅಗಲ, ಕೇಬಲ್ ಟೈ ಹಾಕಿ ಕಟ್ಟಿದ್ದು. ತಕ್ಷಣ ಮೆಸೇಜ್ ಹಾಕಿದೆ. ಬಂದ ಉತ್ತರ ಕೇಳಿ: "ಸರ್, ಮಡಚಿ ಇಟ್ಟರೆ ಶೇಪ್ ಹೋಗುತ್ತೆ, ಅದಕ್ಕೆ ನಾವೇ ಬಿಚ್ಚಿ ಕಳಿಸ್ತೀವಿ. ಕಸ್ಟಮರ್ ಕೇರ್ ಸರ್." ಎಷ್ಟು ನಯವಾಗಿ ಹೇಳಿದ ನೋಡಿ! ಸೈಡ್‌ವಾಲ್ ಮೇಲೆ ಅವರ ಅಂಗಡಿಯದೇ ಉದ್ದನೆ ಸ್ಟಿಕ್ಕರ್ ಬೇರೆ ಅಂಟಿಸಿತ್ತು. ಅದು ಯಾಕೆ ಅಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ಜೊತೆಗೆ ಸೈಕಲ್ ಓಡಿಸೋರೆಲ್ಲ ಸೇರಿದ್ದರು, ಅವರ ಎದುರೇ ಹಾಕೋಕೆ ಕೂತೆ. 29ರ ಚಕ್ರದ ರಿಮ್ಮಿಗೆ ಬೇಕಾದ 622 ಮಿಲಿಮೀಟರ್ ಅಳತೆ ಸರಿಯಾಗಿತ್ತು, ರಿಮ್ಮಿಗೇನೋ ಹತ್ತಿತು. ಗಾಳಿ ಸೋರದ ಹಾಗೆ ಒಳಗೆ ಹಾಕೋ ದ್ರವ ಸೀಲೆಂಟ್, ಅದನ್ನ ಹಾಕಿ ಗಾಳಿ ಹೊಡೆದರೆ ಬೀಡ್ ಕೂರಲೇ ಇಲ್ಲ. ಇನ್ನಷ್ಟು ಹೊಡೆದಾಗ ಹೇಗೋ ಕೂತಿತು. ಸ್ವಲ್ಪ ಹೊತ್ತಿಗೆ ಸೈಡ್‌ವಾಲ್ ಪೂರ್ತಿ ಬೆವರಿದ ಹಾಗೆ ಬಿಳಿ ಬಿಳಿ ಹನಿ. ಒರೆಸಿದರೆ ಮತ್ತೆ ಹನಿ. ಆಮೇಲೆ ಢಂ ಅಂತ ಒಂದು ಕಡೆ ಬೀಡ್ ರಿಮ್ ಬಿಟ್ಟು ಆಚೆ ಬಂತು. ಸೀಲೆಂಟ್ ನನ್ನ ಮುಖಕ್ಕೆ, ಗೋಡೆಗೆ, ಪಕ್ಕದಲ್ಲಿದ್ದವನ ಅಂಗಿಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆಂದ ಸ್ಟಿಕ್ಕರ್ ಅರ್ಧ ಕಿತ್ತು ಬಂದಿತ್ತು, ಅದರ ಕೆಳಗೆ ಅಚ್ಚಾಗಿತ್ತು: 60 ಟಿಪಿಐ. ಟ್ಯೂಬ್‌ಲೆಸ್ ಅನ್ನೋ ಗುರುತು ಎಲ್ಲೂ ಇಲ್ಲ. ಒಬ್ಬ ಮ್ಯಾಗ್ನೆಟ್ ತಂದು ಬೀಡಿಗೆ ಹಿಡಿದ. ಟಕ್ ಅಂತ ಕಚ್ಚಿಕೊಂಡಿತು. ಫೋಲ್ಡಿಂಗ್ ಟಯರಲ್ಲಿ ಇರೋದು ಅರಾಮಿಡ್ ನೂಲು, ಅದಕ್ಕೆ ಮ್ಯಾಗ್ನೆಟ್ ಯಾಕೆ ಅಂಟುತ್ತೆ? ಮತ್ತೆ ನಗು.

ಫೋಟೊ, ವಿಡಿಯೊ ಎಲ್ಲ ಕಳಿಸಿದೆ. ಈಗಿನ ಉತ್ತರಗಳು:

"ಬ್ರೋ, ಬ್ರಾಂಡ್ ಅದೇ, ಡಿಸೈನ್ ಅದೇ ಅಲ್ವಾ?"

"ಟ್ಯೂಬ್ ಹಾಕಿ ಓಡಿಸಿ ಬ್ರೋ, ಏನೂ ಆಗಲ್ಲ."

"ಸೀಲೆಂಟ್ ಹಾಕಿದ್ದೀರಿ, ಯೂಸ್ಡ್ ಐಟಂ. ರಿಟರ್ನ್ ಇಲ್ಲ."

ಏನೂ ಆಗಲ್ಲವಂತೆ! ನನ್ನದು ಹುಕ್‌ಲೆಸ್ ರಿಮ್. ಅಂಚಲ್ಲಿ ಬೀಡ್ ಹಿಡಿಯೋ ಕೊಕ್ಕೆಯೇ ಇರಲ್ಲ, ಅದಕ್ಕೆ ಟ್ಯೂಬ್‌ಲೆಸ್ ಟಯರೇ ಬೇಕು, ಒಳಗೆ ಟ್ಯೂಬ್ ಹಾಕಿದರೂ ಟಯರ್ ಮಾತ್ರ ಅದೇ ಬೇಕು. ಇಳಿಜಾರಲ್ಲಿ ಮುಂದಿನ ಚಕ್ರದ ಟಯರ್ ಕಳಚಿಕೊಂಡರೆ ಹಲ್ಲು ಯಾರದ್ದು ಹೋಗುತ್ತೆ? ಸೀಲೆಂಟ್ ಹಾಕದೆ ಟ್ಯೂಬ್‌ಲೆಸ್ ಹೌದೋ ಅಲ್ಲವೋ ನೋಡೋದಾದರೂ ಹೇಗೆ ಅಂತ ಕೇಳಿದೆ. ಅದಕ್ಕೆ ಒಂದು ಹೆಬ್ಬೆರಳಿನ ಇಮೋಜಿ. ಅಷ್ಟೇ. ಹೆಬ್ಬೆರಳು!

ತೂಕವೂ ಹಾಕಿ ನೋಡಿದೆ, ಹೇಳಿದ್ದಕ್ಕಿಂತ ನೂರು ಗ್ರಾಂಗೂ ಜಾಸ್ತಿ. ಕ್ರಾಸ್ ಕಂಟ್ರಿಗೆ ಹಗುರ ಟಯರ್ ಬೇಕು, ಕಡಿಮೆ ಗಾಳಿಯಲ್ಲಿ ಮೆತ್ತಗೆ ಉರುಳಬೇಕು ಅಂತಲೇ ಅಲ್ವಾ ಆ ರೇಟ್ ಕೊಡೋದು?

ನೀವು ತಗೊಳ್ಳೋದಾದರೆ ಹೆಸರು ಕೇಳಿ ಒಪ್ಪಿಕೊಳ್ಳಬೇಡಿ. ಕಳಿಸೋ ಟಯರಿನದ್ದೇ ಸೈಡ್‌ವಾಲ್ ಫೋಟೊ, ಟಿಪಿಐ ಮತ್ತು ಟ್ಯೂಬ್‌ಲೆಸ್ ಗುರುತು ಕಾಣೋ ಹಾಗೆ, ಸ್ಟಿಕ್ಕರ್ ಇಲ್ಲದೆ ಕೇಳಿ. ಗುಂಡಗೆ ಬಂದರೆ ರಿಮ್ಮಿನ ಹತ್ತಿರವೂ ತರಬೇಡಿ, ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ. ಪ್ಯಾಕ್ ಬಿಚ್ಚೋದನ್ನ ವಿಡಿಯೊ ಮಾಡಿಟ್ಟುಕೊಳ್ಳಿ, ನಯವಾಗಿ ಮಾತಾಡೋರ ಜೊತೆಗಂತೂ ತಪ್ಪದೆ.

ದುಡ್ಡು ಇನ್ನೂ ಬಂದಿಲ್ಲ. ಪೇಮೆಂಟ್ ಆ್ಯಪಲ್ಲಿ ದೂರು ಹಾಕಿದ್ದೀನಿ. ನಿನ್ನೆ ಅವರಿಂದಲೇ ಒಂದು ಮೆಸೇಜ್ ಬಂತು: "ಸರ್, ನಿಮ್ಮ ಖರೀದಿಗೆ ಐದು ಸ್ಟಾರ್ ಕೊಡ್ತೀರಾ?"