ಮಡಿಕೇರಿ ಏರಿನಲ್ಲಿ ಸ್ವಿಫ್ಟ್: ಬ್ರೋಷರಿನ 90 ಪಿಎಸ್ ಎಲ್ಲಿ ಹೋಯಿತು?

ನಮ್ಮ ಮನೆಯಲ್ಲಿರುವುದು 2021ರ ಪೆಟ್ರೋಲ್ ಸ್ವಿಫ್ಟ್, ಮ್ಯಾನುವಲ್ ಗೇರ್. ಓಡಾಟ ಹೆಚ್ಚಾಗಿ ಮಡಿಕೇರಿ ಸುತ್ತ, ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿಗೆ. ಗಾಡಿ ಮೇಲೆ ತಕರಾರಿಲ್ಲ. ಮೈಲೇಜ್ ಚೆನ್ನಾಗಿದೆ, ಕ್ಲಚ್ ಹಗುರ, ನಮ್ಮ ಮಳೆಗಾಲದಲ್ಲೂ ಕೈಕೊಟ್ಟಿಲ್ಲ. ಆದರೆ ಪವರ್ ಅಂಕಿ ನೋಡಿಯೇ ಗಾಡಿ ಆರಿಸುವವರು ಇಲ್ಲಿ ಬಹಳ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಎಂಜಿನ್‌ನ ಪವರ್ 6000 ಆರ್‌ಪಿಎಂನಲ್ಲಿ (ಅಂದರೆ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ) 66 ಕಿಲೋವ್ಯಾಟ್. ಪಿಎಸ್ ಲೆಕ್ಕದಲ್ಲಿ ಸುಮಾರು 90, ಬಿಎಚ್‌ಪಿಯಲ್ಲಿ 88.5. ಇವೆರಡೂ ಪವರ್‌ನ ಬೇರೆ ಬೇರೆ ಅಳತೆ; ಮಾತಿನಲ್ಲಿ ಎರಡೂ ‘ಎಚ್‌ಪಿ’ಯೇ ಆಗಿಬಿಡುತ್ತವೆ, ಹೋಲಿಸುವಾಗ ಜೋಪಾನ.

ಅಂಕಿ ಸುಳ್ಳಲ್ಲ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳ ಪರೀಕ್ಷೆ ದಾಟಿಯೇ ಗಾಡಿ ಮಾರಾಟಕ್ಕೆ ಬರಬೇಕು. ಹೆಚ್ಚು ಹೇಳಿದರೆ ಪೇಚಿಗೆ ಸಿಕ್ಕಬೇಕಾಗುತ್ತದೆ: ಅಮೆರಿಕದಲ್ಲಿ 2001ರ ಮಾಜ್ದಾ ಮಿಯಾಟಾ ಕಾರಿಗೆ 155 ಎಚ್‌ಪಿ ಅಂತ ಹೇಳಿ, ಆಮೇಲೆ 142ಕ್ಕೆ ಇಳಿಸಿ, ಬೇಡವೆಂದವರ ಕಾರನ್ನು ಕಂಪನಿಯೇ ವಾಪಸ್ ಕೊಳ್ಳಲು ಮುಂದಾಗಿತ್ತು. 2005ರಲ್ಲಿ ಅಲ್ಲಿನ ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇ, ಹೊರಗಿನ ಸಾಕ್ಷಿಯ ಎದುರೇ ಪವರ್ ಅಳೆಯುವ ಪದ್ಧತಿ ತಂದಿತು.

ಆದರೆ ಅಳೆಯುವುದು ಡೈನೋ ಬೆಂಚಿನ (ಪವರ್ ಅಳೆಯುವ ಯಂತ್ರ) ಮೇಲೆ, ಬರೀ ಎಂಜಿನ್. ಏಸಿಯ ಭಾರ ಅದರ ಮೇಲಿರುವುದಿಲ್ಲ. ಗಾಳಿಯ ಒತ್ತಡವನ್ನೂ ಹೆಚ್ಚುಕಡಿಮೆ ಸಮುದ್ರ ಮಟ್ಟದ ಲೆಕ್ಕಕ್ಕೆ ತರುತ್ತಾರೆ. ಮಡಿಕೇರಿ ಇರುವುದು 1100 ಮೀಟರ್‌ಗೂ ಮೇಲೆ! ಟರ್ಬೋ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ಗೆ ಇಲ್ಲಿನ ತೆಳು ಗಾಳಿಯಲ್ಲಿ ಶೇಕಡಾ ಹತ್ತರಷ್ಟು ಪವರ್ ಸುಮ್ನೆ ಹೋಗುತ್ತದೆ. ಟರ್ಬೋ ಇದ್ದರೆ ಆ ನಷ್ಟ ಬಹಳಷ್ಟು ತುಂಬಿಕೊಳ್ಳುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಆರ್‌ಪಿಎಂ. ಘಾಟಿಯ ತಿರುವಿನಲ್ಲಿ 6000ಕ್ಕೆ ಯಾರು ಎಳೆಯುತ್ತಾರೆ? ಈ ಎಂಜಿನ್‌ನ ಗರಿಷ್ಠ ಟಾರ್ಕ್ (ಚಕ್ರ ತಿರುಗಿಸುವ ಎಳೆತದ ಬಲ) 113 ನ್ಯೂಟನ್ ಮೀಟರ್, ಅದು ಸಿಗುವುದು 4400ರಲ್ಲಿ. 2500ರಲ್ಲಿ ಆ 113 ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಪವರ್ 40 ಪಿಎಸ್ ಆಸುಪಾಸು ಅಷ್ಟೇ. ಐದು ಜನ, ಡಿಕ್ಕಿಯಲ್ಲಿ ಸಾಮಾನು, ಏಸಿ ಆನ್ ಇದ್ದರೆ ಎರಡನೇ ಗೇರ್‌ಗೆ ಇಳಿಯಲೇಬೇಕು. ಇಳಿಸಿದರೆ ಚೆನ್ನಾಗಿಯೇ ಎಳೆಯುತ್ತದೆ.

ಒಬ್ಬಿಬ್ಬರ ಓಡಾಟಕ್ಕೆ ಈ ಗಾಡಿ ಧಾರಾಳವಾಗಿ ಸಾಕು. ದಿನಾ ತೋಟಕ್ಕೆ ಗೊಬ್ಬರ, ಕಾಫಿ ಚೀಲ ಸಾಗಿಸುವವರು ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಕೊಡುವ ಟರ್ಬೋ ಡೀಸೆಲ್ ನೋಡುವುದು ಒಳ್ಳೆಯದು. ಯಾವುದನ್ನೇ ಬುಕ್ ಮಾಡುವ ಮೊದಲು, ಮನೆಯವರನ್ನೆಲ್ಲ ಕೂರಿಸಿಕೊಂಡು, ಏಸಿ ಹಾಕಿ, ಏರು ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಕೊಡಿ ಅಂತ ಶೋರೂಮಿನಲ್ಲಿ ಪಟ್ಟು ಹಿಡಿದು ಕೇಳಿ.